ಸಹಿಗೆ ಶಾಕ್ ಹೊಡೆಯಲ್ಲ

ಮನೆ ಕಟ್ಟಿಸಿದವರನ್ನು ಸುಮ್ನೆ ಒಮ್ಮೆ ಕೇಳಿ ನೋಡಿ: ನಿಮ್ಮ ಮನೆ ವೈರಿಂಗ್‌ಗೆ ಜವಾಬ್ದಾರಿ ಅಂತ ಸಹಿ ಹಾಕಿದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಯಾರು? ಹೆಚ್ಚಿನವರು ಪೈಪ್ ಹಾಕಿ ವೈರ್ ಎಳೆದ ಹುಡುಗನ ಹೆಸರು ಹೇಳುತ್ತಾರೆ. ಅವನಲ್ಲ ಸ್ವಾಮಿ. ಸಹಿ ಬೇರೆಯವರದ್ದು. ಅವರು ಎಷ್ಟೋ ಸಲ ಆ ಮನೆಯ ಮೆಟ್ಟಿಲೇ ಹತ್ತಿರುವುದಿಲ್ಲ.

ನಿಯಮದಲ್ಲಿ ಗೊಂದಲ ಏನೂ ಇಲ್ಲ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸಲು ಯಾರ ಲೈಸೆನ್ಸೂ ಬೇಡ. ಅದನ್ನು ದಾಟಿದ ಕೆಲಸಕ್ಕೆ, ಅಂದರೆ ಹೊಸ ವೈರಿಂಗ್, ಹಳೆಯದಕ್ಕೆ ಸೇರ್ಪಡೆ, ರಿಪೇರಿ ಎಲ್ಲಕ್ಕೂ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಬೇಕು. ಮೇಲ್ವಿಚಾರಣೆಗೆ ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ಇರಬೇಕು. ಕೈಯಿಂದ ಕೆಲಸ ಮಾಡುವವನ ಹತ್ತಿರ ಪರ್ಮಿಟ್ ಇರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಇದೆಲ್ಲ ಇತ್ತು, ಅದಕ್ಕೂ ಹಿಂದೆ 1956ರ ನಿಯಮಗಳಲ್ಲೂ ಇತ್ತು. ನಮ್ಮ ರಾಜ್ಯದಲ್ಲಿ ಈ ಲೈಸೆನ್ಸ್, ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ.

ಆಗುವುದೇ ಬೇರೆ. ವೈರಿಂಗ್ ಮುಗಿಯುತ್ತದೆ, ಕನೆಕ್ಷನ್‌ಗೆ ಅರ್ಜಿ ಹಾಕಬೇಕು, ವೈರಿಂಗ್ ಸರಿಯಾಗಿ ಮುಗಿದಿದೆ ಅನ್ನುವ ಕಂಪ್ಲೀಷನ್ ರಿಪೋರ್ಟ್ ಬೇಕು. ಆಗ ಲೈಸೆನ್ಸ್ ಇರುವ ಒಬ್ಬರನ್ನು ಹಿಡಿಯುತ್ತಾರೆ. ಸಹಿ, ಸೀಲು, ಅದಕ್ಕೊಂದು ರೇಟು. ರೋಗಿಯ ಮುಖ ನೋಡದೆ ಡಾಕ್ಟರು ಫಿಟ್‌ನೆಸ್ ಸರ್ಟಿಫಿಕೇಟ್ ಬರೆದ ಹಾಗೆ.

ಇನ್ಸುಲೇಷನ್ ಟೆಸ್ಟ್ ಅಂತ ಒಂದಿದೆ. ವೈರಿನ ಸಿಪ್ಪೆ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತದೆ ಅಂತ ಅಳೆಯುವ ಮೀಟರ್ ಮೆಗ್ಗರ್. 500 ವೋಲ್ಟ್ ಮೆಗ್ಗರ್ ಹಿಡಿದು ಫೇಸ್‌ಗೂ ಅರ್ಥ್‌ಗೂ ನಡುವೆ ನೋಡಿದರೆ ಕಡಿಮೆ ಅಂದರೂ 1 ಮೆಗಾ ಓಮ್ ಬರಬೇಕು. ಪೈಪಿನೊಳಗೆ ವೈರ್ ಎಳೆಯುವಾಗ ಸಿಪ್ಪೆ ಸುಲಿದಿದ್ದರೆ, ನೀರು ಹೋಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಕರೆಂಟ್ ಕೊಡುವ ಮುಂಚೆ ಸರಬರಾಜು ಕಂಪನಿ ತಾನೇ ಮನೆಯ ವೈರಿಂಗ್ ಪರೀಕ್ಷೆ ಮಾಡಬೇಕು, ಇಲ್ಲವೇ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಹಾಕಿದ ಟೆಸ್ಟ್ ಫಲಿತಾಂಶ ಒಪ್ಪಿಕೊಳ್ಳಬೇಕು, ಅದನ್ನು ಬರೆದಿಡಬೇಕು ಅಂತ ಅದೇ 2010ರ ನಿಯಮಗಳು ಹೇಳಿದ್ದವು. ನಿಮ್ಮ ಮನೆಗೆ ಮೆಗ್ಗರ್ ಬಂದಿತ್ತಾ? ಮೀಟರ್ ಕೂರಿಸಲು ಬಂದವರು ಮೀಟರ್ ಕೂರಿಸಿ ಹೋದರು, ಅಲ್ವಾ?

ಯಾರೂ ನೋಡದಿದ್ದರೆ ಏನಾಗುತ್ತದೆ ಅಂತ ಪರಿಚಯದವರೊಬ್ಬರ ಮನೆಯಲ್ಲಿ ನೋಡಿದೆ. ಗೀಸರ್ ಪಾಯಿಂಟ್‌ಗೆ ಅರ್ಥ್ ವೈರೇ ಎಳೆದಿರಲಿಲ್ಲ. ಸಾಕೆಟ್ ಬಿಚ್ಚಿದರೆ ನ್ಯೂಟ್ರಲ್‌ನಿಂದ ಒಂದು ಬೆರಳುದ್ದದ ವೈರ್ ತುಂಡು ತಂದು ಅರ್ಥ್ ಪಿನ್‌ಗೆ ಸಿಕ್ಕಿಸಿದ್ದರು. ಇದರ ಕಿತಾಪತಿ ನೋಡಿ. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಹಿಡಿದರೆ ಝಗ್ ಅಂತ ಉರಿಯುತ್ತದೆ, ಮನೆಯವರಿಗೆ ಖುಷಿ. ಆದರೆ ಹಿಂದೆ ಎಲ್ಲೋ ನ್ಯೂಟ್ರಲ್ ಸಡಿಲವಾಗಿ ಬಿಟ್ಟುಹೋಯಿತು ಅನ್ನಿ. ಸ್ವಿಚ್ ಹಾಕಿದ ತಕ್ಷಣ ಫೇಸ್ ಗೀಸರಿನ ಕಾಯಿಲ್ ದಾಟಿ ಅದೇ ತುಂಡಿನ ಮೂಲಕ ಗೀಸರಿನ ಮೈಗೆ ಬರುತ್ತದೆ. ಕೆಳಗೆ ಒದ್ದೆ ನೆಲ, ಬರಿಗಾಲು. ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್ ಎಂಸಿಬಿ ಬೀಳುವುದಿಲ್ಲ, ಅದು ನೋಡುವುದು ಓವರ್‌ಲೋಡ್ ಮತ್ತು ಶಾರ್ಟ್ ಮಾತ್ರ. ಜೀವ ಉಳಿಸಬೇಕಾದದ್ದು 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಮೈಗೋ ನೆಲಕ್ಕೋ ಸೋರಿದರೆ ತಾನೇ ಕಡಿಯುವ ಸ್ವಿಚ್. ಅದನ್ನೋ, ಪದೇ ಪದೇ ಟ್ರಿಪ್ ಆಗುತ್ತೆ ಅಂತ ಬೈಪಾಸ್ ಮಾಡಿದ್ದರು. ಆ ಮನೆಯ ಕಂಪ್ಲೀಷನ್ ರಿಪೋರ್ಟ್‌ನಲ್ಲಿ ಎಲ್ಲವೂ ಸರಿಯಾಗಿತ್ತು.

ಡಿಸೆಂಬರ್ 2024ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಒಸಿ (ಕಟ್ಟಡದ ಸ್ವಾಧೀನಾನುಭವ ಪತ್ರ) ಇಲ್ಲದೆ ಕರೆಂಟ್ ಇಲ್ಲ ಅಂತ ಇಲ್ಲಿ ಎಷ್ಟು ಗದ್ದಲ ಆಯಿತು! ಕಟ್ಟಡದ ಕಾಗದದ ಬಗ್ಗೆ ಅಷ್ಟು ಮಾತಾಡಿದೆವು. ಗೋಡೆಯೊಳಗಿನ ವೈರಿನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಇಷ್ಟು ಓದಿ ಪರ್ಮಿಟ್ ಇಲ್ಲದ ಹುಡುಗರನ್ನು ಬಯ್ಯಬೇಡಿ. ಅವರಲ್ಲಿ ಬಹಳ ಒಳ್ಳೆಯ ಕೆಲಸಗಾರರಿದ್ದಾರೆ. ಯಾರದೋ ಜೊತೆ ಹೆಲ್ಪರ್ ಆಗಿ ಸೇರಿ ಕೈಯಲ್ಲೇ ಕಲಿತವರು. ಅವರಿಗೆ ತಾಲೂಕಿನಲ್ಲೇ, ಕನ್ನಡದಲ್ಲೇ, ಪೆನ್ನಿನ ಬದಲು ಕಟಿಂಗ್ ಪ್ಲೇಯರ್ ಕೊಟ್ಟು ಪರೀಕ್ಷೆ ಮಾಡಲಿ. ಪಾಸಾದವನಿಗೆ ಪರ್ಮಿಟ್ ಸಿಗಲಿ, ಕಂಪ್ಲೀಷನ್ ರಿಪೋರ್ಟ್‌ನಲ್ಲಿ ಕಾಂಟ್ರಾಕ್ಟರ್ ಪಕ್ಕದಲ್ಲೇ ಅವನ ಹೆಸರೂ ಬರಲಿ. ಹೊಸ ನಿಯಮ ಬೇಕಾಗಿಲ್ಲ. ಸಹಿಯ ಜೊತೆ ಮೆಗ್ಗರ್ ರೀಡಿಂಗ್, ಅರ್ಥ್ ರೀಡಿಂಗ್, ಅಳತೆ ಮಾಡುತ್ತಿರುವ ಒಂದು ಫೋಟೋ ಕಡ್ಡಾಯ ಮಾಡಿದರೂ ಸಾಕು, ಮನೆಗೆ ಬಾರದೆ ಸಹಿ ಹಾಕುವುದು ಕಷ್ಟವಾಗುತ್ತದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕೊನೆಯ ಕಂತಿನ ದುಡ್ಡು. ಟೈಲ್ಸ್ ಆರಿಸಲು ಅಂಗಡಿ ಅಂಗಡಿ ಸುತ್ತುತ್ತೇವೆ. ಸಹಿ ಹಾಕುವವರನ್ನು ಅರ್ಧ ದಿನ ಮನೆಗೆ ಕರೆಸಿ, ಮೆಗ್ಗರ್ ಹಿಡಿಸಿ, ರೀಡಿಂಗ್ ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ. ಪೇಂಟಿಂಗ್‌ಗೆ ಮುಂಚೆಯೇ ಕರೆಸಿ. ಬಣ್ಣ ಹೊಡೆದ ಗೋಡೆ ಒಡೆಯಲು ಮನೆಯಲ್ಲಿ ಯಾರೂ ಒಪ್ಪಲ್ಲ.