ಬಿಸಿಲು ಜಾಸ್ತಿಯಾದ್ರೆ ಅಡಿಕೆ ಬೇಗ ಒಣಗುತ್ತಂತೆ!

ಭೂಮಿ ಬಿಸಿಯಾಗುತ್ತಿದೆಯೋ ಇಲ್ಲವೋ ಎಂಬ ಜಗಳ ನಮ್ಮ ಕಡೆ ಹೆಚ್ಚುಕಮ್ಮಿ ಮುಗಿದಿದೆ. ಇಲ್ಲ ಅನ್ನುವವರು ಈಗ ಅಪರೂಪ. ಅದರ ಜಾಗಕ್ಕೆ ಹೊಸ ರಾಗ ಬಂದಿದೆ. "ಆದ್ರೆ ಆಗ್ಲಿ, ಅದ್ರಿಂದ ಎಂತ ತೊಂದ್ರೆ? ಒಳ್ಳೇದೇ ಅಲ್ವಾ?" ನಿನ್ನೆ ತೀರ್ಥಹಳ್ಳಿ ಕಡೆ ಒಂದು ಗೃಹಪ್ರವೇಶದ ಊಟದಲ್ಲಿ ಹೋಳಿಗೆ ಜೊತೆ ಈ ರಾಗವನ್ನೂ ಬಡಿಸಿಕೊಂಡು ಬಂದೆ. ಹೋಳಿಗೆ ಕರಗಿದೆ, ಇದು ಕರಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ತಾಳ್ಮೆ ಇದ್ದವರು ಓದಿ.

ಶುರು ಮಾಡಿದ್ದು ನಮ್ಮ ಭಾವ. ಹೆಸರು ಹಾಕುವುದಿಲ್ಲ, ನಿಮ್ಮಲ್ಲಿ ಅರ್ಧ ಜನಕ್ಕೆ ಯಾರು ಅಂತ ಗೊತ್ತಾಗಿರುತ್ತದೆ. "ಎಂತ ಹಾನಿ ಮಾರಾಯ್ತಿ? ಚಳಿ ಕಡಿಮೆ ಆಗಿದೆ, ಒಳ್ಳೇದಾಯ್ತು. ಇಂಗಾಲದ ಡೈ ಆಕ್ಸೈಡ್ ಅಂದ್ರೆ ಗಿಡಕ್ಕೆ ಊಟ. ಬಿಸಿಲು ಜಾಸ್ತಿ ಆದ್ರೆ ಅಡಿಕೆ ಬೇಗ ಒಣಗುತ್ತೆ. ನೀನು ಸುಮ್ನೆ ಹೆದರ್ತಿ" ಅಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಡಿಕೆ ಒಣಗುವ ಮಾತು ಚೆನ್ನಾಗಿಯೇ ಇತ್ತು.

ಆದರೆ ಊಟಕ್ಕೆ ಕೂರುವ ಮೊದಲು, ಅಂಗಳದ ಚಪ್ಪರದ ಕೆಳಗೆ ಇದೇ ಭಾವ ನನ್ನ ತಮ್ಮನ ಹತ್ತಿರ ಏನು ಹೇಳುತ್ತಿದ್ದರು ಗೊತ್ತಾ? ಈ ಬೇಸಿಗೆಯಲ್ಲಿ ಅಡಿಕೆಯ ಹಿಂಗಾರ (ಹೂಗೊನೆ) ಒಣಗಿ ಹೋಯಿತು. ಹರಳು (ಎಳೆಗಾಯಿ) ಉದುರಿತು. ಕೆರೆ ಬೇಗ ಬತ್ತಿತು. ಪಡುವಣ ಬಿಸಿಲು ಬೀಳುವ ಕಡೆ ಮರಗಳ ಕಾಂಡ ಸುಟ್ಟು ಸೀಳುತ್ತಿದೆ, ಆಳು ಹಿಡಿದು ಸುಣ್ಣ ಬಳಿಸಿದೆ. "ಮಳೆ ಮೊದಲಿನ ಹಾಗಿಲ್ಲ ಮಾರಾಯ" ಅಂದವರೂ ಇವರೇ. ಬಿಸಿ ಅಷ್ಟು ಒಳ್ಳೆಯದಾಗಿದ್ದರೆ ಮರಕ್ಕೆ ಸುಣ್ಣ ಯಾಕೆ ಬಳಿಸಿದಿರಿ ಭಾವ? ಇದನ್ನು ಅಲ್ಲೇ ಕೇಳಬೇಕಿತ್ತು. ಬಾಯಲ್ಲಿ ಹೋಳಿಗೆ ಇತ್ತು.

ನನ್ನ ಸಿಟ್ಟು ಭಾವ ಒಬ್ಬರ ಮೇಲಲ್ಲ. ಒಂದೇ ಬಾಯಿ ಅಂಗಳದಲ್ಲಿ ಒಂದು, ಎಲೆ ಮುಂದೆ ಇನ್ನೊಂದು ಹೇಳುತ್ತದಲ್ಲ, ಅದರ ಮೇಲೆ. ಶಿವಮೊಗ್ಗದ ಮಂಡಿಯಲ್ಲಿ ಕೇಳಿ, ಸಾಗರದ ಬಸ್ಸಿನಲ್ಲಿ ಕೇಳಿ, ನಾನು ಕೂರುವ ಬ್ಯಾಂಕಿನ ಕೌಂಟರ್ ಮುಂದೆ ನಿಂತು ಕೇಳಿ. "ಆದ್ರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಅಂತ ಮಳೆ ನಕ್ಷತ್ರ ಎಣಿಸುತ್ತಾ ಬೆಳೆದವರು ನಾವು. ಯಾವ ನಕ್ಷತ್ರದಲ್ಲಿ ಯಾವ ಮಳೆ ತಪ್ಪಿತು, ಯಾವುದು ಮಿತಿಮೀರಿ ಹೊಯ್ದಿತು ಅಂತ ಎಲ್ಲರಿಗೂ ಬಾಯಿಪಾಠ. ಅದೇ ಜನರ ಮುಂದೆ "ಇದೇ ರೀ ಗ್ಲೋಬಲ್ ವಾರ್ಮಿಂಗ್" ಅಂದು ನೋಡಿ. ತಕ್ಷಣ ಅದು ಫಾರಿನ್ನವರ ಮಸಲತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ನಮ್ಮ ದೇಶದಲ್ಲಿ ಮಾಡಿದ ಸಮೀಕ್ಷೆಗಳಲ್ಲೂ ಇದೇ ಕಾಣುತ್ತದೆ. ಈ ವಿಷಯ ಗೊತ್ತಾ ಅಂದರೆ ಬಹಳ ಜನ ಅಷ್ಟಾಗಿ ಗೊತ್ತಿಲ್ಲ ಅನ್ನುತ್ತಾರೆ. ಹೀಗೀಗೆ ಅಂತ ಬಿಡಿಸಿ ಹೇಳಿದ ಮೇಲೆ ಹೌದು, ಆಗುತ್ತಿದೆ, ಚಿಂತೆಯೂ ಇದೆ ಅನ್ನುವವರೇ ಹೆಚ್ಚು.

ಇನ್ನು ಬೆಳೆ ವಿಮೆ. ಜೂನ್ ಬಂತೆಂದರೆ ನನ್ನ ಕೌಂಟರ್ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆ ಅಂತ ಅದರ ಹೆಸರೇ ಇದೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತರು ಕಟ್ಟುವುದು 6,400. ಪರಿಹಾರ ಲೆಕ್ಕ ಹಾಕುವುದು ಮಳೆಮಾಪಕ ತೋರಿಸಿದ ಅಂಕಿ ಮೇಲೆ. ಮಳೆ ಜಾಸ್ತಿಯಾದರೂ ದುಡ್ಡು, ಕೊರತೆಯಾದರೂ ದುಡ್ಡು. ಭಾವ ಒಂದು ವರ್ಷವೂ ತಪ್ಪಿಸಿದವರಲ್ಲ. ಪರಿಹಾರ ಕಡಿಮೆ ಬಂದ ವರ್ಷ ಮಳೆಮಾಪಕವೇ ಕೆಟ್ಟಿದೆ ಅಂತ ಊರು ಒಂದು ಮಾಡಿದವರು. ಅರ್ಜಿಯಲ್ಲಿ "ಹವಾಮಾನ ವೈಪರೀತ್ಯದಿಂದ ಅಪಾರ ನಷ್ಟ" ಅಂತ ಬರೆಸುವಾಗ ಇಲ್ಲದ ಅನುಮಾನ, ಹೋಳಿಗೆಗೆ ತುಪ್ಪ ಬಿದ್ದ ಕೂಡಲೇ ಎಲ್ಲಿಂದ ಬರುತ್ತದೆ?

ಬಿಸಿ ಒಳ್ಳೆಯದು ಅಂದವರಲ್ಲಿ ಭಾವ ಮೊದಲಿಗರೇನಲ್ಲ. ಇದು ಅವರಿಗೆ ತಿಳಿದರೆ ಇನ್ನಷ್ಟು ಉಬ್ಬುತ್ತಾರೆ, ಆದರೂ ಹೇಳುತ್ತೇನೆ. ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲಿ ಕೂತು, ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಜಾಸ್ತಿಯಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಅಂತ ಕೈಲೆಕ್ಕದಲ್ಲೇ ಕಂಡುಕೊಂಡ. ಅದರಿಂದ ಚಳಿ ದೇಶಗಳಿಗೆ ಒಳ್ಳೆಯದೇ ಆದೀತು ಅಂತ ಆಮೇಲೆ ಖುಷಿಯನ್ನೂ ಪಟ್ಟ. 1938ರಲ್ಲಿ ಗೈ ಕ್ಯಾಲೆಂಡರ್ ಅಂತ ಒಬ್ಬ ಇಂಗ್ಲಿಷ್ ಎಂಜಿನಿಯರ್ (ಹೌದು, ಹೆಸರೇ ಅದು) ಭೂಮಿ ಆಗಲೇ ಬಿಸಿಯಾಗುತ್ತಿದೆ ಅಂತ ಅಂಕಿಅಂಶ ಇಟ್ಟು ತೋರಿಸಿದ. ಹಿಮಯುಗ ಮತ್ತೆ ಬರುವುದು ಇದರಿಂದ ತಡವಾಗುತ್ತದೆ, ಒಳ್ಳೆಯದೇ ಅಂದ. ಇಬ್ಬರೂ ದಡ್ಡರಲ್ಲ. ಆದರೆ ಒಬ್ಬ ಕೂತದ್ದು ಸ್ವೀಡನ್ನಿನಲ್ಲಿ, ಇನ್ನೊಬ್ಬ ಇಂಗ್ಲೆಂಡಿನಲ್ಲಿ. ಅಲ್ಲಿ ಚಳಿಗೆ ಹೆದರುತ್ತಾರೆ. ಹೊಸನಗರದಲ್ಲಿ ಕೂತು ಅದೇ ಮಾತು ಹೇಳುವುದಕ್ಕೆ ಒಂದು ಧೈರ್ಯ ಬೇಕು!

"ಗಿಡಕ್ಕೆ ಊಟ" ಅನ್ನುವುದು ಪೂರ್ತಿ ಸುಳ್ಳಲ್ಲ. ಉಪಗ್ರಹದ ಚಿತ್ರಗಳಲ್ಲಿ ಭೂಮಿಯ ಬಹಳಷ್ಟು ಭಾಗ ಮೊದಲಿಗಿಂತ ಹಸಿರಾಗಿರುವುದು ಕಂಡಿದೆ, ಅದಕ್ಕೆ ಇಂಗಾಲದ ಡೈ ಆಕ್ಸೈಡ್ ದೊಡ್ಡ ಕಾರಣ ಅಂತ 2016ರಲ್ಲಿ ವಿಜ್ಞಾನಿಗಳೇ ಹೇಳಿದ್ದಾರೆ. ಆದರೆ ಇಂಗಾಲದ ಡೈ ಆಕ್ಸೈಡ್ ಜಾಸ್ತಿ ಇರುವ ಗಾಳಿಯಲ್ಲಿ ಬೆಳೆದ ಅಕ್ಕಿ, ಗೋಧಿಯಲ್ಲಿ ಸತು, ಕಬ್ಬಿಣ, ಪ್ರೋಟೀನು ಕಡಿಮೆಯಾಗುತ್ತದೆ ಅಂತಲೂ ಅವರೇ ತೋರಿಸಿದ್ದಾರೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮತ್ತೆ ಊಟ ಇದ್ದ ಮಾತ್ರಕ್ಕೆ ಆಯಿತಾ? 2022ರ ಮಾರ್ಚ್ ನಮ್ಮ ದೇಶದಲ್ಲಿ 1901ರಿಂದೀಚೆಗೆ ಅತಿ ಬಿಸಿಯಾದ ಮಾರ್ಚ್. ಕಾಳುಕಟ್ಟುವ ಹೊತ್ತಿಗೆ ಉತ್ತರದಲ್ಲಿ ಗೋಧಿ ಮುರುಟಿತು. ಮೇ ತಿಂಗಳಲ್ಲಿ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಆ ಗಿಡಗಳಿಗೂ ಇಂಗಾಲದ ಊಟ ಬೇಕಾದಷ್ಟಿತ್ತು.

"ಒಂದೂವರೆ ಡಿಗ್ರಿ ಎಂತ ಲೆಕ್ಕ? ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತೆ." ಇದು ಪಾಯಸದ ಹೊತ್ತಿಗೆ ಬಂದ ಮಾತು. 2024ರಲ್ಲಿ ಇಡೀ ಭೂಮಿಯ ಸರಾಸರಿ, ಕಾರ್ಖಾನೆಗಳ ಕಾಲಕ್ಕಿಂತ ಮೊದಲು ಇದ್ದದ್ದಕ್ಕಿಂತ ಒಂದೂವರೆ ಡಿಗ್ರಿ ದಾಟಿತು. ಮಲೆನಾಡಿನವರಿಗೆ ಇದು ಯಾಕೆ ಲೆಕ್ಕ ಅಂದರೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ಹಿಡಿದದ್ದನ್ನು ಎಲ್ಲೋ ಸುರಿಯಲೇಬೇಕಲ್ಲ? ಪುಣೆಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಯವರು 1950ರಿಂದ 2015ರವರೆಗಿನ ಲೆಕ್ಕ ತೆಗೆದರು. ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶದ ಮೇಲೆ ಒಟ್ಟಿಗೇ ಸುರಿಯುವ ಭಾರೀ ಮಳೆಗಳು ಮೂರು ಪಟ್ಟು ಹೆಚ್ಚಾಗಿವೆ. ಅದಕ್ಕೆ ಆವಿ ಹೋಗುತ್ತಿರುವುದು ಎಲ್ಲಿಂದ? ನಮ್ಮ ಘಟ್ಟದ ಕೆಳಗಿನ ಅರಬ್ಬೀ ಸಮುದ್ರದಿಂದ.

ಇಲ್ಲಿ ಒಬ್ಬರಲ್ಲ ಒಬ್ಬರು ಆಗುಂಬೆ ತೆಗೆಯುತ್ತಾರೆ. "ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಬೀಳೋ ಜಾಗದಲ್ಲಿ ಜಾಸ್ತಿ ಮಳೆಗೆ ಯಾರು ಹೆದರ್ತಾರೆ?" ಮಳೆಗೆ ಹೆದರುವವಳಲ್ಲ ನಾನು. ಆದರೆ ವರ್ಷದ ಒಟ್ಟು ಲೆಕ್ಕ ತೆಗೆದುಕೊಂಡು ತೋಟದವನು ಏನು ಮಾಡಬೇಕು? ಜಡಿಮಳೆ ದಿನಗಟ್ಟಲೆ ಹಿಡಿದರೆ ಗುಡ್ಡ ಕುಡಿಯುತ್ತದೆ, ಬೇಸಿಗೆಯಲ್ಲಿ ಒರತೆ ಕೊಡುತ್ತದೆ. ಅಷ್ಟೇ ನೀರು ನಾಲ್ಕು ದಿನದಲ್ಲಿ ಸುರಿದರೆ ತುಂಗೆಗೆ ಹೋಗುತ್ತದೆ, ಜೊತೆಗೆ ತೋಟದ ಮಣ್ಣನ್ನೂ ಒಯ್ಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಬೇಕೆಂದರೆ ನಡುವೆ ಒಂದೆರಡು ದಿನ ಹೊಳವು (ಮಳೆ ಬಿಡುವು) ಬೇಕು. ಎಲೆಚುಕ್ಕಿ ರೋಗದ ಶಿಲೀಂಧ್ರಕ್ಕೂ ಎಲೆ ಒದ್ದೆಯಾಗಿ ಇದ್ದಷ್ಟೂ ಹಬ್ಬ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಬಡಾವಣೆಗಳಿಗೆ ತುಂಗೆ ನುಗ್ಗಿದ್ದು ನೆನಪಿದೆ ಅಲ್ವಾ? 2023ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಲೇ ಇಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮರುವರ್ಷವೇ ಅದೇ ಲಿಂಗನಮಕ್ಕಿಯ ಗೇಟು ತೆಗೆದರು. 2024ರ ಜುಲೈ 30ರಂದು ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಆ ಮಳೆಯನ್ನು ಬಿಸಿಯಾದ ಹವಾಮಾನ ಸುಮಾರು ಶೇ. 10ರಷ್ಟು ಜೋರು ಮಾಡಿತ್ತು ಅಂತ ಆಮೇಲೆ ಲೆಕ್ಕ ಹಾಕಿದವರು ಹೇಳಿದರು. ವಯನಾಡು ಎಲ್ಲೋ ದೂರ ಅನ್ನಬೇಡಿ. ಅದೂ ಇದೇ ಘಟ್ಟ.

ಈಗ ನೀವು ಕಾಯುತ್ತಿರುವ ಮಾತು. "ಇದಕ್ಕೆಲ್ಲ ಕಾರಣ ಇಂಗಾಲ ಅಲ್ಲ ಮೇಡಂ. ಕಾಡು ಕಡಿದದ್ದು, ಅಕೇಶಿಯಾ ನೆಟ್ಟದ್ದು, ಗದ್ದೆ ಮುಚ್ಚಿ ಅಡಿಕೆ ಹಾಕಿದ್ದು, ರಸ್ತೆಗೆ ಗುಡ್ಡ ಕೊರೆದದ್ದು." ಸರಿ, ಒಪ್ಪಿದೆ. ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ಎಲ್ಲರೂ ಅದನ್ನೇ ಹೇಳಿದರು, ನಾನೂ ಹೇಳಿದೆ. 2023ರ ಬರಕ್ಕೆ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮಳೆ ಕೆಡಿಸುವುದು) ಕೂಡ ಸೇರಿತ್ತು. ಆದರೆ ಗುಡ್ಡ ಕೊರೆದು ಸಡಿಲ ಮಾಡಿದವರು ನಾವು ಅಂದರೆ, ಅದರ ಮೇಲೆ ಬೀಳುವ ಮಳೆ ಜೋರಾದದ್ದು ಸುಳ್ಳಾಗುತ್ತದಾ? ಎರಡೂ ಸೇರಿ ತಾನೇ ಮನೆ ಮೇಲೆ ಬೀಳುವುದು? ಅಲ್ಲದೆ ಅಕೇಶಿಯಾ ಅಂತ ಕೂಗುವವರಲ್ಲಿ ಎಷ್ಟು ಜನ ಸೊಪ್ಪಿನಬೆಟ್ಟ (ತೋಟದ ಸೊಪ್ಪಿಗೆಂದು ಬಿಟ್ಟ ಕಾಡು) ಬೋಳಿಸಿಲ್ಲ, ಕೈ ಎತ್ತಿ ನೋಡೋಣ.

ಒಂದು ವಿಷಯದಲ್ಲಿ ಮಾತ್ರ ಅನುಮಾನದವರ ಪರ ಇದ್ದೇನೆ. ಭೂಮಿ ತಂಪು ಮಾಡುತ್ತೇವೆ ಅಂತ ಹೇಳಿಕೊಂಡು ಶರಾವತಿ ಕಣಿವೆಯ ಕಾಡಿನೊಳಗೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ) ಯೋಜನೆ ತರಲು ಹೊರಟಿದ್ದಾರಲ್ಲ, ಅದನ್ನು ಕಂಡಾಗ "ಇದೆಲ್ಲ ದುಡ್ಡಿನ ಆಟ" ಅನ್ನುವವರ ಬಾಯಿ ಮುಚ್ಚಿಸಲು ನನಗೂ ಮನಸ್ಸು ಬರುವುದಿಲ್ಲ. ಆದರೆ ಮದ್ದಿನ ಹೆಸರಲ್ಲಿ ಯಾರೋ ವ್ಯಾಪಾರ ಮಾಡುತ್ತಿದ್ದಾರೆ ಅಂತ ಕಾಯಿಲೆಯೇ ಇಲ್ಲ ಅಂದರೆ ಹೇಗೆ?

ಪಂಕ್ತಿಯಲ್ಲಿ ಕೆನಡಾದಿಂದ ಬಂದ ಹುಡುಗನೂ ಒಬ್ಬನಿದ್ದ. ಅಲ್ಲಿ ಬಿಸಿಯಾದರೆ ಉತ್ತರದ ಕಡೆ ಹೊಸ ಜಮೀನು ಸಾಗುವಳಿಗೆ ಸಿಗುತ್ತದಂತೆ. ಸಿಗಲಿಯಪ್ಪ. 2023ರಲ್ಲಿ ಕಾಳ್ಗಿಚ್ಚಿಗೆ ನಿಮ್ಮಲ್ಲಿ ಸುಟ್ಟದ್ದು ಸುಮಾರು ಒಂದೂವರೆ ಕೋಟಿ ಹೆಕ್ಟೇರ್. ನಮ್ಮ ಇಡೀ ಕರ್ನಾಟಕ ಇರುವುದೇ 1.9 ಕೋಟಿ ಹೆಕ್ಟೇರ್. ಇಷ್ಟು ಹೇಳಿದ್ದಕ್ಕೆ ಹುಡುಗ "ಚಿಕ್ಕಮ್ಮ, ನೀವು ಸೀರಿಯಸ್ ಆಗ್ಬಿಟ್ರಿ" ಅಂದ. ಆಗಬಾರದಾ?

ಒಂದು ಮಾತು ಹೇಳಿಬಿಡುತ್ತೇನೆ, ಬೈದರೂ ಸರಿ. ಬಿಸಿಯಿಂದ ಲಾಭ ಆದವರಿಲ್ಲ ಅಂತ ನಾನು ಹೇಳಲಾರೆ, ಯಾಕಂದರೆ ನಮ್ಮ ಮನೆಗೇ ಆಗಿದೆ. ನಮ್ಮದು ಹೊಳೆ ಪಕ್ಕದ ತೋಟ. ಬರ ಬಂದರೂ ನೀರು ಪೂರ್ತಿ ಬತ್ತುವುದಿಲ್ಲ. ಬೇರೆಯವರ ಬೆಳೆ ಕೈಕೊಟ್ಟ ವರ್ಷ ನಮ್ಮ ರಾಶಿ ಇಡಿ ಅಡಿಕೆಗೆ ಒಳ್ಳೆ ರೇಟು ಸಿಕ್ಕಿತು. ಆ ದುಡ್ಡಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕಿಸಿದೆವು. ಅದೇ ವರ್ಷ ಮೇಲಿನ ಕೇರಿಯವರ ಬೋರ್‌ವೆಲ್‌ನಲ್ಲಿ ಬರೀ ಗಾಳಿ ಬಂತು. ಅವರ ಮನೆಯ ಹುಡುಗ ಈಗ ಬೆಂಗಳೂರಿನಲ್ಲಿ ಊಟದ ಪಾರ್ಸೆಲ್ ಹಂಚುತ್ತಾನೆ. ಟೈಲ್ಸ್ ಒರೆಸುವಾಗ ಇದು ನೆನಪಾಗುತ್ತದೆ, ಏನು ಮಾಡಲಿ?

ಭಾವನ ತೋಟಕ್ಕೂ ಕೆರೆ ಇದೆ, ಮೂರು ಬೋರ್ ಇದೆ, ಮಗ ವಿದೇಶದಲ್ಲಿದ್ದಾನೆ. ಹರಳು ಉದುರಿದರೆ ಅವರಿಗೆ ಬೇಜಾರು, ಅಷ್ಟೇ. ಅವರ ಕೊನೆಗಾರನನ್ನು ಕೇಳಿ. ಜಾರುವ ಮರ ಹತ್ತಿ, ಹೊಳವು ಸಿಕ್ಕ ಅರ್ಧ ದಿನದಲ್ಲಿ ಮೂರು ತೋಟಕ್ಕೆ ಮದ್ದು ಹೊಡೆಯುವವನು ಅವನು. ಮಳೆ ಬಿಡದಿದ್ದರೆ ಕೂಲಿ ಇಲ್ಲ, ಹರಳು ಉದುರಿದರೆ ಕೊಯ್ಲು ಕಡಿಮೆ, ಮತ್ತೆ ಕೂಲಿ ಇಲ್ಲ. ವಿಮೆ ಪಹಣಿ ಇದ್ದವರಿಗೆ, ಅವನಿಗಲ್ಲ. ಹಾನಿ ಇದೆಯೋ ಇಲ್ಲವೋ ಅಂತ ಚರ್ಚೆ ಮಾಡಲು ಅವನನ್ನು ಯಾವ ಪಂಕ್ತಿಯಲ್ಲೂ ಕೂರಿಸಿದ್ದು ನಾನು ಕಂಡಿಲ್ಲ. ನಿನ್ನೆ ಅವನು ಅಲ್ಲೇ ಇದ್ದ, ಹಿತ್ತಿಲಲ್ಲಿ, ಪಾತ್ರೆ ಇಳಿಸುತ್ತಾ.

ಅಂದ ಹಾಗೆ ಅಡಿಕೆ ಒಣಗುವ ಸುದ್ದಿ. ಕೊಯ್ದು, ಸುಲಿದು, ಬೇಯಿಸಿ ಅಂಗಳಕ್ಕೆ ಹಾಕುವುದು ಮಳೆಗಾಲ ಮುಗಿದ ಮೇಲೆ. ಈಗ ಮಳೆಗಾಲ ಮುಗಿಯಿತು ಅಂತ ಹೇಳುವವರು ಯಾರು? ನವೆಂಬರಿನಲ್ಲೂ ಮೋಡ ಕಟ್ಟುತ್ತದೆ, ಬೇಯಿಸಿದ ಅಡಿಕೆ ಅಂಗಳದಲ್ಲೇ ಬೂಸಲು ಹಿಡಿಯುತ್ತದೆ. ತಮ್ಮ ಈ ಸಲ ಡ್ರೈಯರ್ ಹಾಕಿಸಲೇಬೇಕು ಅನ್ನುತ್ತಿದ್ದಾನೆ. ಸೌದೆಯದ್ದು ಬೇಡ, ಸೋಲಾರ್‌ನದ್ದು ಬಳಸಿದವರು ಯಾರಾದರೂ ಇದ್ದರೆ ಎಷ್ಟಾಯಿತು, ಸಬ್ಸಿಡಿ ಸಿಕ್ಕಿತಾ, ಮೋಡದ ದಿನ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಸಿ. ಬಿಸಿಲು ಜಾಸ್ತಿಯಾಗಿದೆ, ಡ್ರೈಯರ್ ಯಾಕೆ ಅಂತ ಕೇಳುವವರು ದಯವಿಟ್ಟು ನಮ್ಮ ಭಾವನಿಗೇ ಫೋನ್ ಮಾಡಿ.