ಪ್ರೆಡೇಟರ್ ಕೆಟ್ಟಿತು ಅನ್ನುವವರಿಗೆ

ಡ್ಯಾನ್ ಟ್ರಾಕ್ಟನ್‌ಬರ್ಗ್ ಅನ್ನೋ ಹಾಲಿವುಡ್ ನಿರ್ದೇಶಕನ ಹೆಸರು ಎತ್ತಿದ್ರೆ ಸಾಕು, ನಮ್ಮ ಕುಟುಂಬದ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಜಗಳ ಶುರು. ಅರ್ಧ ಜನ, ಬೇರೆ ಗ್ರಹದ ಬೇಟೆಗಾರ ಜೀವಿಯ ಸಿನಿಮಾ ಸರಣಿಯಾದ ಪ್ರೆಡೇಟರ್‌ಗೆ ಮತ್ತೆ ಜೀವ ಕೊಟ್ಟ ಪುಣ್ಯಾತ್ಮ ಅಂತಾರೆ, ಇನ್ನರ್ಧ ಡಿಸ್ನಿಯವರು ಹೇಳಿದ ಹಾಗೆ ಕುಣಿದು ಹಾಳು ಮಾಡಿದ ಅಂತಾರೆ. 2025ರ ನವೆಂಬರ್‌ನಲ್ಲಿ 'ಪ್ರೆಡೇಟರ್: ಬ್ಯಾಡ್‌ಲ್ಯಾಂಡ್ಸ್' ಬಂದಾಗಿನಿಂದ ಇದು ನಿಂತೇ ಇಲ್ಲ. ನನ್ನ ಅಕ್ಕನ ಮಗನಂತೂ "ಮಾವ, ನಿಮ್ಮ ಕಾಲದ ಪ್ರೆಡೇಟರ್ ತೀರಿಕೊಂಡಿತು" ಅಂತ ಶ್ರದ್ಧಾಂಜಲಿ ಪೋಸ್ಟರೇ ಮಾಡಿ ಹಾಕಿದ್ದ, ಫೋಟೋಗೆ ಹಾರ ಸಮೇತ. ಅವನು ಹುಟ್ಟಿದ್ದೇ ಮೊದಲ ಸಿನಿಮಾ ಬಂದು ಎಷ್ಟೋ ವರ್ಷ ಆದ ಮೇಲೆ. ಆದ್ರೆ ದುಃಖ ಮಾತ್ರ ನನಗಿಂತ ಜಾಸ್ತಿ.

ಗ್ರೂಪಲ್ಲಿ ಉದ್ದ ಬರೆದ್ರೆ ಯಾರೂ ಓದಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ. ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ, ಕತೆಯೆಲ್ಲ ಹೇಳಿಬಿಡ್ತೀನಿ.

ಎಲ್ಲರ ದೂರೂ ಸುತ್ತಿ ಬಳಸಿ ಒಂದೇ: ಮೂಲಕ್ಕೆ ನಿಷ್ಠೆ ಇಲ್ಲ. ಸರಿ, 1987ರಲ್ಲಿ ಜಾನ್ ಮೆಕ್‌ಟಿಯರ್ನನ್ ಮಾಡಿದ ಆ ಮೂಲದಲ್ಲಿ ಇದ್ದದ್ದಾದ್ರೂ ಏನು? ಈ ಹುಡುಗರ ತಲೆಯಲ್ಲಿ ಇರೋದು ನಾಯಕ ಶ್ವಾರ್ಜೆನೆಗರ್ ತೋಳು, ಬಾಯಲ್ಲಿ ಚುಟ್ಟ, ಗುಂಡಿನ ಮಳೆ. ಆ ಗುಂಡಿನ ಮಳೆಯ ದೃಶ್ಯವನ್ನೇ ಇನ್ನೊಂದ್ಸಲ ಹಾಕಿ ನೋಡಿ. ಉಳಿದವರೆಲ್ಲ ಸಾಲಾಗಿ ನಿಂತು, ಹೆಲಿಕಾಪ್ಟರ್‌ಗೆ ಕಟ್ಟೋ ಮಿನಿಗನ್ ಸಮೇತ, ಕಾಡನ್ನೇ ಕಡಿದು ಮಲಗಿಸ್ತಾರೆ. ಸಿಕ್ಕಿದ್ದೇನು? ಎಲೆ ಮೇಲೆ ಒಂಚೂರು ಹಸಿರು ರಕ್ತ. ಅಷ್ಟೇ. ಕೊನೆಗೆ ಅಷ್ಟು ದೊಡ್ಡ ಆಳು ಗೆಲ್ಲೋದು ಮೈಗೆಲ್ಲ ಕೆಸರು ಮೆತ್ತಿಕೊಂಡು, ಬಿಲ್ಲು ಬಾಣ ಕೆತ್ತಿಕೊಂಡು, ಮೇಲಿಂದ ಮರದ ದಿಮ್ಮಿ ಬೀಳೋ ಹಾಗೆ ಕಟ್ಟಿ. ತೋಳು, ತೋಟಾ ಎರಡೂ ಕೆಲಸಕ್ಕೆ ಬರಲ್ಲ ಅಂತಲೇ ಆ ಸಿನಿಮಾ ಹೇಳಿದ್ದು. ಅದನ್ನ ನೋಡಿ ತೋಳನ್ನೇ ಪೂಜೆ ಮಾಡ್ತಾ ಕೂತವರಿಗೆ ಏನು ಹೇಳೋದು ಮಾರಾಯ್ರೆ!

ಇನ್ನೊಂದು ತಮಾಷೆ. ಆ ಜೀವಿಯ ರೂಪ ಕೂಡ ಶೂಟಿಂಗ್ ನಡುವೆ ಬದಲಾದದ್ದು. ಮೊದಲು ಮಾಡಿದ ವೇಷದೊಳಗೆ ಇದ್ದದ್ದು ಜಾನ್ ಕ್ಲಾಡ್ ವ್ಯಾನ್ ಡ್ಯಾಮ್. ಅದು ನೋಡೋಕೆ ಚೆನ್ನಾಗಿಲ್ಲ ಅಂತ ಬಿಸಾಕಿ, ಸ್ಟ್ಯಾನ್ ವಿನ್‌ಸ್ಟನ್ ಕೈಯಲ್ಲಿ ಹೊಸದಾಗಿ ಮಾಡಿಸಿ, ಏಳಡಿ ದಾಟಿದ ಕೆವಿನ್ ಪೀಟರ್ ಹಾಲ್‌ಗೆ ತೊಡಿಸಿದ್ರು. ಇವತ್ತು ಅಭಿಮಾನಿಗಳು ಟೀ ಶರ್ಟ್ ಮೇಲೆ ಹಾಕಿಕೊಳ್ಳೋ ಆ ಏಡಿ ಕೊಂಡಿಯಂಥ ಬಾಯಿ ಜೇಮ್ಸ್ ಕ್ಯಾಮರಾನ್ ಕೊಟ್ಟ ಸಲಹೆ. ಆಗ ಈ ಗ್ರೂಪುಗಳು ಇದ್ದಿದ್ರೆ ಅದಕ್ಕೂ ಒಂದು ಶ್ರದ್ಧಾಂಜಲಿ ಆಗಿರೋದು.

ನನ್ನ ಪ್ರಕಾರ ಆ ಸಿನಿಮಾದ ಜೀವ ಇರೋದು ಒಂದು ಸಣ್ಣ ಜಾಗದಲ್ಲಿ. ಆನಾ ಅನ್ನೋ ಹೆಂಗಸು ಬಿದ್ದಿದ್ದ ಕೋವಿ ಎತ್ತಿಕೊಳ್ಳೋಕೆ ಹೋಗ್ತಾಳೆ, ಶ್ವಾರ್ಜೆನೆಗರ್ ಅದನ್ನ ಒದ್ದು ದೂರ ತಳ್ತಾನೆ. ಕೈ ಖಾಲಿ ಇದ್ದಿದ್ದಕ್ಕೇ ಅವಳನ್ನ ಅದು ಮುಟ್ಟಿಲ್ಲ ಅಂತ ಅವನಿಗೆ ಗೊತ್ತಾಗಿರುತ್ತೆ. 1990ರ ಎರಡನೇ ಭಾಗದಲ್ಲಿ ಬಸುರಿ ಪೊಲೀಸಿನವಳನ್ನ ಆ ಜೀವಿ ನೋಡಿ, ಬಿಟ್ಟು ಹೋಗುತ್ತೆ. ಅಂದ್ರೆ ಇದು ಸಿಕ್ಕಿದ್ದನ್ನೆಲ್ಲ ತಿನ್ನೋ ರಾಕ್ಷಸ ಅಲ್ಲ. ಇದು ಬೇಟೆಗಾರ, ಇದಕ್ಕೊಂದು ಕಟ್ಟುಪಾಡು ಇದೆ.

ಇದನ್ನ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾ? ಹುಲಿ ಹೊಡೆದವನನ್ನ ಸತ್ತ ಹುಲಿಯ ಪಕ್ಕ ಮದುಮಗನ ಹಾಗೆ ಕೂರಿಸಿ 'ನರಿ ಮಂಗಲ' ಮಾಡ್ತಿದ್ದ ನಾಡು ನಮ್ಮ ಕೊಡಗು (ಹೊರಗಿನವರಿಗೆ: ನಮ್ಮ ಭಾಷೆ ಕೊಡವ ತಕ್ಕ್‌ನಲ್ಲಿ ನರಿ ಅಂದ್ರೆ ಹುಲಿ). ಕೊಂದ ಪ್ರಾಣಿಗೆ ಕೊಂದವನು ಮರ್ಯಾದೆ ಕೊಡಲೇಬೇಕು ಅನ್ನೋ ಲೆಕ್ಕ ಅದು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಅದೆಲ್ಲ ಹಳೇ ಫೋಟೋಗಳಲ್ಲಿ ಮಾತ್ರ ಉಳಿದಿದೆ, ಇರಬೇಕಾದ್ದೂ ಅಲ್ಲೇ. ಆದ್ರೂ ಸೆಪ್ಟೆಂಬರ್‌ನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದ್ರೆ ಕೋವಿ, ಒಡಿಕತ್ತಿ ಎಲ್ಲ ಒರೆಸಿ ದೇವರ ಮುಂದಿಟ್ಟು ತೋಕ್ ಪೂ (ಕೋವಿ ಹೂ) ಮುಡಿಸ್ತೀವಲ್ಲ, ಆಯುಧ ಹಿಡಿದವನ ತಲೆ ಮೇಲೆ ಒಂದು ಭಾರ ಇದೆ ಅಂತ ಮಕ್ಕಳಿಗೆ ಗೊತ್ತಾಗೋದು ಅಲ್ಲೇ.

ಈಗ ಶೇನ್ ಬ್ಲ್ಯಾಕ್ ವಿಷಯಕ್ಕೆ ಬನ್ನಿ. "ಮೂಲ ಗೊತ್ತಿರೋವನ ಕೈಗೆ ಕೊಡಿ" ಅನ್ನೋದು ಅಭಿಮಾನಿಗಳ ಹಳೇ ಬೇಡಿಕೆ. ಶೇನ್ ಬ್ಲ್ಯಾಕ್‌ಗಿಂತ ಮೂಲ ಗೊತ್ತಿರೋವನು ಇನ್ಯಾರು? 1987ರ ಸಿನಿಮಾದಲ್ಲಿ ಕನ್ನಡಕ ಹಾಕ್ಕೊಂಡು ಕೆಟ್ಟ ಜೋಕ್ ಹೇಳ್ತಿದ್ದ ಹಾಕಿನ್ಸ್ ಅವನೇ, ಆ ತಂಡದಲ್ಲಿ ಮೊದಲು ಸಾಯೋವನು. 2018ರ ಸಿನಿಮಾದ ನಿರ್ದೇಶನ ಅವನ ಕೈಗೇ ಕೊಟ್ರು. ಏನಾಯ್ತು? ಬೇರೆ ಬೇರೆ ಜೀವಿಗಳ ವಂಶವಾಹಿ ಕದ್ದು ಬೆರೆಸಿಕೊಂಡ ದೈತ್ಯ ಪ್ರೆಡೇಟರ್, ಅದರ ಜೊತೆ ಬೇಟೆನಾಯಿಗಳು, ನಿಮಿಷಕ್ಕೊಂದು ಜೋಕು. ಬೇಟೆಯೇ ಕಾಣೆ. ಇವತ್ತು ಟ್ರಾಕ್ಟನ್‌ಬರ್ಗ್‌ನ ಬೈಯ್ಯೋ ಇದೇ ಹುಡುಗರು ಅವತ್ತು ಅದನ್ನೂ ಬೈದಿದ್ರು. ಅವತ್ತಿನ ಬೈಗುಳ ಮಾತ್ರ ನ್ಯಾಯ.

ಆಮೇಲೆ 2022ರ ಆಗಸ್ಟ್ 5ಕ್ಕೆ ಟ್ರಾಕ್ಟನ್‌ಬರ್ಗ್‌ನ 'ಪ್ರೇ' ಬಂತು. ಥಿಯೇಟರ್‌ಗೆ ಅಲ್ಲ, ಸೀದಾ ಓಟಿಟಿಗೆ. ಆಗಸ್ಟ್ ಅಂದ್ರೆ ನಮ್ಮಲ್ಲಿ ಕರೆಂಟು ಇದ್ರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ರೆ ಕರೆಂಟು ಇಲ್ಲ. ಸಿನಿಮಾ ತುಂಡು ತುಂಡಾಗಿ ನೋಡಿದ್ದು, ಹೊರಗೆ ಒಂದೇ ಸಮ ಮಳೆ. ಅಂಥ ಸಿನಿಮಾಕ್ಕೆ ಅದಕ್ಕಿಂತ ಒಳ್ಳೇ ಥಿಯೇಟರ್ ಬೇಕಾಗಿಲ್ಲ ಅನ್ನಿ.

ಕತೆ 1719ರದ್ದು. ಅಮೆರಿಕದ ಕಮ್ಯಾಂಚಿ ಬುಡಕಟ್ಟಿನ ನಾರು ಅನ್ನೋ ಹುಡುಗಿ, ಅವಳ ನಾಯಿ, ಹಗ್ಗ ಕಟ್ಟಿದ ಒಂದು ಕೊಡಲಿ. ಅಭಿಮಾನಿಗಳ ಸಿಟ್ಟು ಏನಂದ್ರೆ, ಶ್ವಾರ್ಜೆನೆಗರ್‌ಗೇ ಅಷ್ಟು ಕಷ್ಟ ಆದದ್ದು ಈ ಚೋಟುದ್ದ ಹುಡುಗಿಗೆ ಹೇಗೆ ಸಾಧ್ಯ? ಅವಳು ಎಲ್ಲೂ ಅದರ ಜೊತೆ ತೋಳುಬಲದಲ್ಲಿ ಗೆಲ್ಲಲ್ಲ, ನೋಡಿದವರಿಗೆ ಗೊತ್ತು. ಗಂಡಸರು ಬೆಟ್ಟದ ಸಿಂಹದ (ಪ್ಯೂಮಾ) ಹಿಂದೆ ಹೋದಾಗ ಅವಳು ಹೆಜ್ಜೆಗುರುತು ನೋಡ್ತಾಳೆ. ಚರ್ಮ ಸುಲಿದ ಹಾವು ನೋಡ್ತಾಳೆ. ಇದು ಕರಡಿ ಅಲ್ಲ, ಸಿಂಹ ಅಲ್ಲ, ಇನ್ನೇನೋ ಅಂತಾಳೆ. ಯಾರೂ ನಂಬಲ್ಲ.

ದಕ್ಷಿಣ ಕೊಡಗಿನ ತೋಟದವರು ಇಲ್ಲಿ ಎದೆ ಮುಟ್ಟಿಕೊಂಡು ಹೇಳಲಿ. ಲೈನ್‌ಮನೆ (ಕೂಲಿಯವರ ಸಾಲುಮನೆ) ಹೆಂಗಸು ಕಳೆ ತೆಗೆಯೋಕೆ ಹೋದವಳು ವಾಪಸ್ ಓಡಿ ಬಂದು "ಹುಲಿ ಹೆಜ್ಜೆ ನೋಡಿದೆ" ಅಂದ್ರೆ ಅಂಗಳದಲ್ಲಿ ಕೂತ ಗಂಡಸರು ಏನಂತಾರೆ? "ನಾಯಿದು ಇರಬೇಕು", "ಚಿರತೆ ಇರಬೇಕು ಹೋಗು", "ರಜ ಬೇಕಿತ್ತೇನೋ". ಮಾರನೇ ದಿನ ಕೊಟ್ಟಿಗೆಯಿಂದ ಕರು ಹೋದ ಮೇಲೆ ಎಲ್ಲರೂ ತಜ್ಞರು. ತೋಟದಲ್ಲಿ ನೆಲ ನೋಡಿ ನಡೆಯೋರು ಯಾರು, ಜೀಪಲ್ಲಿ ಕೂತು ಮಾತಾಡೋರು ಯಾರು ಅಂತ ನಮಗೆ ಚೆನ್ನಾಗಿ ಗೊತ್ತು. ನಾರು ಪಾತ್ರ ನಂಬೋಕಾಗಲ್ಲ ಅನ್ನೋರು ಒಂದು ದಿನ ತೋಟಕ್ಕೆ ಬರಲಿ.

ಮೈ ತಣ್ಣಗೆ ಮಾಡೋ ಹೂವಿನ ಬಗ್ಗೆಯೂ ನಕ್ಕಿದ್ರು. ಪ್ರೆಡೇಟರ್ ನೋಡೋದೇ ಮೈ ಬಿಸಿಯನ್ನ. ಆ ಹೂ ತಿಂದವರ ಮೈ ಬಿಸಿ ಇಳಿದು, ಪ್ರೆಡೇಟರ್ ಕಣ್ಣಿಗೆ ಕಾಣೋದೇ ಇಲ್ಲ. ಮೊದಲ ಸಿನಿಮಾದ ಕೆಸರು ಮಾಡಿದ ಕೆಲಸವನ್ನೇ ಇಲ್ಲಿ ಹೂ ಮಾಡುತ್ತೆ. ಆ ಸಿನಿಮಾ ಬರೋಕೆ ಎರಡೇ ದಿನ ಮುಂಚೆ, ನಮ್ಮ ಕಕ್ಕಡ ತಿಂಗಳ ಹದಿನೆಂಟಕ್ಕೆ, ಹದಿನೆಂಟು ಔಷಧಿ ಸೇರಿದೆ ಅಂತ ಮದ್ದು ಸೊಪ್ಪಿನ ಪಾಯಸ ಕುಡಿದ ಬಾಯಲ್ಲಿ ಆ ನಗು ಬರಬಾರದಿತ್ತು.

ಕಟ್ಟುಪಾಡು ಮಾತ್ರ ಟ್ರಾಕ್ಟನ್‌ಬರ್ಗ್ ಬಿಟ್ಟಿಲ್ಲ. ನಾರು ಕಾಲು ಬಲೆಕತ್ತರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಪ್ರೆಡೇಟರ್ ಬಂದು ನೋಡಿ ಹೋಗಿಬಿಡುತ್ತೆ, ಇವಳಿಂದ ಅಪಾಯ ಇಲ್ಲ ಅಂತ. ಅದು ತನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ ಅನ್ನೋದೇ ಕೊನೆಗೆ ಅವಳ ಕೈಯ ಆಯುಧ ಆಗುತ್ತೆ. ಹಳೇ ನಿಯಮ ಇಟ್ಟುಕೊಂಡೇ ಹೊಸ ಕತೆ ಹೊಸೆಯೋದು ಅಂದ್ರೆ ಇದು. ಕೊನೆಯಲ್ಲಿ 1715 ಅಂತ ಕೆತ್ತಿದ ಆ ಪಿಸ್ತೂಲು ಕಂಡಾಗ, ಎರಡನೇ ಭಾಗದಲ್ಲೂ ಅದೇ ಪಿಸ್ತೂಲು ಬಂದದ್ದು ನೆನಪಿದ್ದ ನಾನೂ ಸೋಫಾದಿಂದ ಎದ್ದಿದ್ದೆ, ಸುಳ್ಳು ಯಾಕೆ.

ಭಾಷೆ ಬಗ್ಗೆ ಒಂದು ಮಾತು. 'ಪ್ರೇ' ಸಿನಿಮಾಕ್ಕೆ ಪೂರ್ತಿ ಕಮ್ಯಾಂಚಿ ಭಾಷೆಯ ಡಬ್ಬಿಂಗ್ ಇದೆ, ನಟರೇ ತಮ್ಮ ತಮ್ಮ ಧ್ವನಿ ಕೊಟ್ಟಿದ್ದಾರೆ. ಇಂಥ ದೊಡ್ಡ ಸಿನಿಮಾಕ್ಕೆ ಆ ಭಾಷೆ ಸಿಕ್ಕಿದ್ದು ಅದೇ ಮೊದಲು. ಇದನ್ನ ನಾಟಕ ಅಂತ ಬರೆದ ಹುಡುಗರಲ್ಲಿ ಕೊಡವ ತಕ್ಕ್ ಮಾತಾಡೋ ಹುಡುಗರೂ ಇದ್ರು! 2011ರ ಜನಗಣತಿಯಲ್ಲಿ ನಮ್ಮ ಭಾಷೆ ಹೇಳಿಕೊಂಡವರು ಸುಮಾರು 1 ಲಕ್ಷ 13 ಸಾವಿರ. ಯುನೆಸ್ಕೋದ ಅಳಿವಿನಂಚಿನ ಪಟ್ಟಿಯಲ್ಲಿ ನಾವೂ ಇದ್ದೀವಿ. ಪ್ರೆಡೇಟರ್ ಎದುರು ನಿಂತು ಯಾರಾದ್ರೂ ಕೊಡವ ತಕ್ಕ್‌ನಲ್ಲಿ ಬೈದ್ರೆ ನಾನು ಆ ಸಿನಿಮಾಕ್ಕೆ ಎರಡು ಟಿಕೆಟ್ ದುಡ್ಡು ಕೊಡ್ತೀನಿ.

2025ರ ಜೂನ್‌ನಲ್ಲಿ ಬಂದ 'ಕಿಲ್ಲರ್ ಆಫ್ ಕಿಲ್ಲರ್ಸ್' ಅನಿಮೇಷನ್ನು ಚೆನ್ನಾಗಿದೆ, ನೋಡಿ. ಅದರ ಬಗ್ಗೆ ಜಗಳ ಕಡಿಮೆ. ಕೊನೆಯಲ್ಲಿ ಹಳೇ ನಾಯಕರಿಬ್ಬರ ಮುಖವನ್ನ ಕೆಲವೇ ಸೆಕೆಂಡು ತೋರಿಸಿದ್ದಕ್ಕೆ ಅಭಿಮಾನಿಗಳೆಲ್ಲ ಕರಗಿ ನೀರಾದ್ರು.

ಇನ್ನು ಬ್ಯಾಡ್‌ಲ್ಯಾಂಡ್ಸ್. ಇದನ್ನ ಮೈಸೂರಿಗೆ ಹೋಗಿ ದೊಡ್ಡ ಪರದೆಯಲ್ಲೇ ನೋಡಿದೆ, ಹೇಗೂ ತೋಟಕ್ಕೆ ಬೇಕಾದ ಸಾಮಾನು ತರೋದಿತ್ತು. ಇಲ್ಲಿ ಪ್ರೆಡೇಟರೇ ನಾಯಕ. ಡೆಕ್ ಅಂತ ಹೆಸರು, ಕುಲದಲ್ಲೇ ಬಡಕಲು. ಅಪ್ಪನಿಗೆ ಅವನು ಬದುಕಿರೋದೇ ಅವಮಾನ. ಉಳಿಸೋಕೆ ಹೋದ ಅಣ್ಣ ಸಾಯ್ತಾನೆ. ಯಾರಿಂದಲೂ ಕೊಲ್ಲೋಕಾಗದ ಒಂದು ಮೃಗ ಹೊಡೆದು ತಂದು ಮಾನ ಉಳಿಸಿಕೊಳ್ತೀನಿ ಅಂತ ಹೊರಡ್ತಾನೆ. ದಾರಿಯಲ್ಲಿ ಸೊಂಟದಿಂದ ಕೆಳಗಿಲ್ಲದ ಒಂದು ಯಂತ್ರದ ಹುಡುಗಿ ಸಿಗ್ತಾಳೆ, ಅವಳನ್ನ ಬೆನ್ನಿಗೆ ಕಟ್ಟಿಕೊಂಡು ಓಡಾಡ್ತಾನೆ. ಸಿನಿಮಾದಲ್ಲಿ ಒಬ್ಬನೇ ಒಬ್ಬ ಮನುಷ್ಯ ಇಲ್ಲ.

ಅಭಿಮಾನಿಗಳ ದೊಡ್ಡ ಗಲಾಟೆ, ಅಮೆರಿಕದಲ್ಲಿ ಇದಕ್ಕೆ ಪಿಜಿ 13 (ದೊಡ್ಡವರ ಎಚ್ಚರದಲ್ಲಿ ಮಕ್ಕಳೂ ನೋಡಬಹುದು ಅನ್ನೋ ಸರ್ಟಿಫಿಕೇಟ್) ಕೊಟ್ರು, ಮಕ್ಕಳ ಸಿನಿಮಾ ಆಯ್ತು ಅಂತ. ಮನುಷ್ಯರೇ ಇಲ್ಲದ ಮೇಲೆ ಕೆಂಪು ರಕ್ತ ಎಲ್ಲಿಂದ ಬರಬೇಕು? ತಲೆ ಹಾರೋದು, ಕೈ ಮುರಿಯೋದು ಬೇಕಾದಷ್ಟಿದೆ, ಬಣ್ಣ ಬೇರೆ. ರಕ್ತದ ಲೀಟರ್ ಲೆಕ್ಕದಲ್ಲಿ ಸಿನಿಮಾ ಅಳೆಯೋರ ಜೊತೆ ವಾದ ಇಲ್ಲ.

ಕುಲದ ಕತೆ ನನ್ನನ್ನ ಮುಟ್ಟಿತು, ಅದನ್ನೂ ಹೇಳ್ತೀನಿ. ಗೋಡೆ ಮೇಲೆ ಕಡವೆ ಕೊಂಬು ತೂಗಿರೋ ಮನೆಗಳಲ್ಲಿ, ಕೋವಿ ಎತ್ತೋಕೆ ಮನಸ್ಸಿಲ್ಲದ ಹುಡುಗ ಎಷ್ಟು ಮಾತು ಕೇಳಿರ್ತಾನೆ ಅಂತ ನಮ್ಮವರಿಗೆ ಗೊತ್ತು. ಡೆಕ್ ಕೊನೆಗೆ ಆ ಮೃಗವನ್ನ ನೋಡೋ ಕಣ್ಣೇ ಬದಲಾಗುತ್ತಲ್ಲ, ಅದನ್ನ 'ಸಾಫ್ಟ್ ಆದ' ಅಂತ ಗೇಲಿ ಮಾಡಿದವರು ಕತೆ ನೋಡಿಲ್ಲ.

ಆದ್ರೆ ನನ್ನ ತಕರಾರು ಬೇರೆ ಇದೆ. ಭಯ ಹೋಯ್ತು. ತೋಟದಲ್ಲಿ ಆನೆ ಇದೆ ಅಂತ ಗೊತ್ತಾಗೋದು ಆನೆ ಕಂಡಾಗ ಅಲ್ಲ. ಬೈನೆ ಮರ ಮುರಿಯೋ ಸದ್ದು, ಬಿಸಿ ಲದ್ದಿ, ನಾಯಿ ಬೊಗಳೋದು ನಿಲ್ಲಿಸೋದು, ಅಷ್ಟಕ್ಕೇ ಕಾಲು ಮುಂದೆ ಹೋಗಲ್ಲ. ಮೆಕ್‌ಟಿಯರ್ನನ್‌ಗೂ ಇದು ಗೊತ್ತಿತ್ತು, 'ಪ್ರೇ' ಮಾಡಿದಾಗ ಟ್ರಾಕ್ಟನ್‌ಬರ್ಗ್‌ಗೂ ಗೊತ್ತಿತ್ತು. ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಆ ಜೀವಿ ಮೊದಲ ನಿಮಿಷದಿಂದಲೇ ಎದುರಿಗೆ ನಿಂತಿದೆ, ಅದರ ಮನೆ ಜಗಳ ಸಮೇತ. ಅಪ್ಪನಿಂದ ಬೈಸಿಕೊಂಡವನನ್ನ ಕಂಡು ಪಾಪ ಅನ್ನಿಸುತ್ತೆ, ಹೆದರಿಕೆ ಎಲ್ಲಿಂದ ಬರಬೇಕು? ಇದು ನಿಜವಾದ ನಷ್ಟ. ಪೋಸ್ಟರ್ ಮಾಡೋ ಹುಡುಗರು ಇದರ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಮುಂದಿನದನ್ನ ಯಾರಾದ್ರೂ ಮಾಡಲಿ, ಟ್ರಾಕ್ಟನ್‌ಬರ್ಗೇ ಮಾಡಿದ್ರೂ ಸಂತೋಷ. ಯಾವ ಸರ್ಟಿಫಿಕೇಟ್ ಬೇಕಾದ್ರೂ ತಗೊಳ್ಳಲಿ, ನಾಯಕನೋ ನಾಯಕಿಯೋ ಅವರಿಷ್ಟ. ಮೊದಲ ಅರ್ಧ ಗಂಟೆ ಮಾತ್ರ ಆ ಜೀವಿಯನ್ನ ತೋರಿಸಬಾರದು.