ನಿಮ್ಮಿಷ್ಟ

ಇವತ್ತು ಕಚೇರಿಯಲ್ಲಿ ನಡೆದದ್ದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಸ್ವಾತಂತ್ರ್ಯಪ್ರೇಮಿ ಸಹೋದ್ಯೋಗಿಯ ಬಗ್ಗೆ ಹಿಂದೆಯೂ ಬರೆದಿದ್ದೇನೆ. ಮೂರು ವರ್ಷಗಳಿಂದ ಅವರದು ಒಂದೇ ರಾಗ: “ಪ್ರತಿಯೊಂದಕ್ಕೂ ಮೇಲಿನವರನ್ನು ಕೇಳಬೇಕು. ಇದೇನು ಕಚೇರಿಯೋ ಸೆರೆಮನೆಯೋ?” ಬೆಳಗ್ಗೆ ಮೇಲಧಿಕಾರಿಗಳು ಕರೆದು, “ಈ ಕೆಲಸ ಪೂರ್ತಿ ನಿಮ್ಮದು. ಹೇಗೆ, ಯಾವಾಗ, ಯಾರ ಜೊತೆ, ಎಲ್ಲ ನಿಮ್ಮಿಷ್ಟ” ಎಂದರು. ಮಧ್ಯಾಹ್ನದೊಳಗೆ ಈ ಮಹಾಶಯರು ಅದೇ ಬಾಗಿಲಿಗೆ ನಾಲ್ಕು ಸಲ ಹೋಗಿ ಬಂದರು. “ಸರ್, ಇದೊಂದನ್ನು ಮಾತ್ರ ನೀವೇ ಹೇಳಿಬಿಟ್ಟರೆ...”

ಮೂರು ವರ್ಷ ನಮ್ಮ ಕಿವಿ ತಿಂದದ್ದು ಇದಕ್ಕಾ?

‘ನಿನ್ನಿಷ್ಟ’ ಎಂಬ ಮಾತನ್ನೇ ಗಮನಿಸಿ. ಅರ್ಥದಲ್ಲಿ ಅದು ವರ. ಆದರೆ ಹಿರಿಯರು ಹಾಗೆಂದು ಮುಖ ತಿರುಗಿಸಿದಾಗ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ‘ನಾಳೆ ಕೆಟ್ಟರೆ ನನ್ನ ಹತ್ತಿರ ಬರಬೇಡ’ ಎಂಬುದು ಅದರೊಳಗೇ ಇದೆ. ನಮಗೆ ಬೇಕಾದದ್ದು ನಮ್ಮಿಷ್ಟದಂತೆ ನಡೆಯುವುದು, ಕೆಟ್ಟಾಗ ಬೈಯಲು ಇನ್ನೊಬ್ಬರು ಇರುವುದು. ಎರಡೂ ಒಟ್ಟಿಗೆ ಬೇಕು!

ಇದು ಬರೀ ಕಚೇರಿಯ ಮಾತಲ್ಲ. ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿರುವವನಿಗೆ ವಿದ್ಯುತ್ ಆಘಾತ ಕೊಡಲು ಜನರಿಗೆ ಹೇಳಲಾಯಿತು. ಆಘಾತ ಸುಳ್ಳು, ಆದರೆ ಕೊಡುವವರಿಗೆ ಅದು ಗೊತ್ತಿರಲಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋದರು. ಬೆವರುತ್ತ, ನಡುಗುತ್ತ ಹೋದರು. ಎದ್ದು ನಡೆದರೆ ಕೈ ಹಿಡಿದು ತಡೆಯುವವರು ಯಾರೂ ಇರಲಿಲ್ಲ. ಇಂಥ ಪ್ರಯೋಗಗಳಲ್ಲಿ ಕೆಲವರು ಕೇಳಿದ್ದು ‘ಹೊಣೆ ಯಾರದು?’ ಎಂದು. ‘ನನ್ನದು’ ಎಂದು ಪ್ರಯೋಗ ನಡೆಸುವವನು ಹೇಳಿದ ಮೇಲೆ ಕೈ ಮತ್ತೆ ಗುಂಡಿಯ ಕಡೆ ಹೋಯಿತು.

ಈಗ ಯಾರಾದರೂ ಜಾಮ್ ಪ್ರಯೋಗ ನೆನಪಿಸುತ್ತೀರಿ, ಗೊತ್ತು. 2000ದಲ್ಲಿ ಪ್ರಕಟವಾದದ್ದು: ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಕೊಂಡವರು ಶೇ 3, ಆರೇ ಬಗೆ ಇಟ್ಟಾಗ ಶೇ 30. ಆಯ್ಕೆ ಹೆಚ್ಚಾದರೆ ತಲೆ ಕೆಡುತ್ತದೆ, ಪಾಪ ಅವರದೇನು ತಪ್ಪು ಎಂಬ ವಾದ. ಆದರೆ 2010ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಅಲ್ಲದೆ, ನಮ್ಮ ಮಹಾಶಯರು ‘ಇದೊಂದನ್ನು ಮಾತ್ರ’ ಎಂದು ಕೇಳಿದ್ದರಲ್ಲಿ ಇದ್ದ ದಾರಿಗಳು ಎರಡೇ ಎರಡು!

ಇಷ್ಟು ಹಾರಾಡುತ್ತಿರುವ ನಾನೇನು ಕಡಿಮೆ? ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದ ಆ ಕಾಲ ನಿಮಗೆಲ್ಲ ಗೊತ್ತಿದೆ. ‘ಇನ್ನು ನನಗೆ ನಾನೇ ಧಣಿ’ ಎಂದು ಇಲ್ಲಿಯೇ ಬರೆದು ನಿಮ್ಮಿಂದ ಚಪ್ಪಾಳೆ ಗಿಟ್ಟಿಸಿದ್ದೆ. ಬರೆಯದೆ ಬಿಟ್ಟದ್ದು, ಎರಡನೆಯ ವಾರಕ್ಕೇ ಅಕ್ಕನಿಗೆ ಫೋನ್ ಮಾಡಿ “ಏನು ಮಾಡಲಿ ಹೇಳು” ಎಂದು ಅತ್ತದ್ದು. ಅವಳು “ನಿನ್ನಿಷ್ಟ ಕಣೋ” ಎಂದಳು. ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟೆ. ಹಳೆಯ ಕೆಲಸಕ್ಕೆ ಹೋಗು ಎಂದಿದ್ದರೆ ಹೋಗಿ, ಜೀವನವಿಡೀ ಅವಳನ್ನು ದೂರುತ್ತಿದ್ದೆ. ಆ ಅವಕಾಶ ಕಿತ್ತುಕೊಂಡಳಲ್ಲ ಎಂಬುದೇ ಸಿಟ್ಟು.

ಸಂಜೆ ಮಹಾಶಯರು ನನ್ನ ಮೇಜಿನ ಬಳಿ ಬಂದರು. “ನೀವಾದರೂ ಹೇಳಿ.” ನನ್ನ ಬಳಿ ಅವರಿಗಾಗಿ ಇಡೀ ಯೋಜನೆಯೇ ಸಿದ್ಧವಿತ್ತು, ಬಾಯಿ ತುರಿಸುತ್ತಿತ್ತು. “ನಿಮ್ಮಿಷ್ಟ” ಎಂದೆ. ಮುಖ ಊದಿಸಿಕೊಂಡು ಹೋದರು. ನಾಳೆ ಮಾತನಾಡಿಸುವುದು ಅನುಮಾನ.